ಇಳಿಯದ ತುಟಿ ಊತ

ಬೆಳಿಗ್ಗೆ ಎದ್ದಾಗ ಮೇಲ್ತುಟಿ ಊದಿಕೊಂಡಿದೆ. ನೋವಿಲ್ಲ, ತುರಿಕೆಯಿಲ್ಲ. ರಾತ್ರಿ ಏನೋ ಕಚ್ಚಿರಬೇಕು, ಇಲ್ಲಾ ತಿಂದದ್ದು ಆಗಿಬಂದಿಲ್ಲ ಅಂದುಕೊಳ್ಳುತ್ತೇವೆ. ನಾಲ್ಕೈದು ದಿನಕ್ಕೆ ಇಳಿಯುತ್ತದೆ, ಮರೆತೂ ಬಿಡುತ್ತೇವೆ. ಕೆಲವು ವಾರ ಕಳೆದು ಮತ್ತೆ ಊದುತ್ತದೆ. ಈ ಸಲ ಇಳಿಯಲು ಜಾಸ್ತಿ ದಿನ ಬೇಕು. ಹೀಗೆ ಬಂದು ಹೋಗುತ್ತಾ, ಕೊನೆಗೊಮ್ಮೆ ಊತ ಅಲ್ಲೇ ನಿಂತುಬಿಡುತ್ತದೆ. ಮುಟ್ಟಿದರೆ ತುಟಿ ರಬ್ಬರಿನ ಹಾಗೆ ಗಟ್ಟಿ. ನಡುವೆ ಸೀಳು, ಬಾಯಿಯ ಮೂಲೆಗಳಲ್ಲಿ ಬಿರುಕು.

ಅಷ್ಟು ಹೊತ್ತಿಗೆ ಅಲರ್ಜಿಯ ಮಾತ್ರೆ ಸಾಕಷ್ಟು ನುಂಗಿ ಆಗಿರುತ್ತದೆ. ಅಲರ್ಜಿಯಿಂದ ಬಂದ ತುಟಿ ಊತ ಸಾಮಾನ್ಯವಾಗಿ ಎರಡು ಮೂರು ದಿನಗಳಲ್ಲಿ ಪೂರ್ತಿ ಇಳಿಯುತ್ತದೆ. ವಾರಗಟ್ಟಲೆ ನಿಲ್ಲುವ, ಮಾತ್ರೆಗೆ ಬಗ್ಗದ ಊತವನ್ನು ಬೇರೆಯೇ ಕಣ್ಣಿನಿಂದ ನೋಡಬೇಕು. ಅಪರೂಪಕ್ಕೆ ಅದು ಓರೋಫೇಶಿಯಲ್ ಗ್ರ್ಯಾನುಲೊಮಟೋಸಿಸ್ ಇರಬಹುದು.

ಹೆಸರು ದೊಡ್ಡದು, ವಿಷಯ ಅಷ್ಟು ಕಷ್ಟದ್ದಲ್ಲ. ನಮ್ಮ ದೇಹದ ಕಾವಲು ಕೋಶಗಳಿಗೆ ಕೆಲವೊಮ್ಮೆ ಕೊಂದು ಮುಗಿಸಲಾಗದ ಶತ್ರು ಎದುರಾಗುತ್ತದೆ. ಆಗ ಅವು ಅದರ ಸುತ್ತ ಒತ್ತೊತ್ತಾಗಿ ನಿಂತು ಕೋಟೆ ಕಟ್ಟುತ್ತವೆ. ಕೆಲವು ಕೋಶಗಳು ಒಂದರೊಳಗೊಂದು ಬೆರೆತು ದೈತ್ಯ ಕೋಶಗಳೂ ಆಗುತ್ತವೆ. ಈ ಪುಟ್ಟ ಗಂಟೇ ಗ್ರ್ಯಾನುಲೋಮ. ಓರೋಫೇಶಿಯಲ್ ಗ್ರ್ಯಾನುಲೊಮಟೋಸಿಸ್‌ನಲ್ಲಿ ಕೋಟೆ ಎದ್ದಿರುತ್ತದೆ, ಒಳಗೆ ಶತ್ರು ಕಾಣುವುದಿಲ್ಲ. ಉರಿಯೂತದಿಂದ ತುಟಿಯ ದುಗ್ಧನಾಳಗಳು (ಲಿಂಫ್ ನಾಳಗಳು) ಕಟ್ಟಿಕೊಂಡು, ಹರಿದು ಹೋಗಬೇಕಾದ ದ್ರವ ಅಲ್ಲೇ ನಿಲ್ಲುತ್ತದೆ. ಊತ ಇಳಿಯದಿರುವುದು ಅದಕ್ಕೇ.

ಇದನ್ನು ವೈದ್ಯರು ತುಂಡು ತುಂಡಾಗಿ ಗುರುತಿಸಿದರು. 1928ರಲ್ಲಿ ಸ್ವೀಡನ್ನಿನ ಮೆಲ್ಕರ್ಸನ್, ಮುಖದ ಊತದ ಜೊತೆ ಮುಖದ ಒಂದು ಪಕ್ಕ ಸೋತದ್ದನ್ನು ಬರೆದಿಟ್ಟರು. 1931ರಲ್ಲಿ ರೋಸೆಂತಾಲ್ ಇದಕ್ಕೆ ಸೀಳುಗಳಿರುವ ನಾಲಿಗೆಯನ್ನು ಸೇರಿಸಿದರು. 1945ರಲ್ಲಿ ಮೀಶರ್, ತುಟಿಯೊಂದೇ ಊದುವ ರೂಪವನ್ನು ವಿವರಿಸಿದರು. ಎಲ್ಲವನ್ನೂ ಒಂದೇ ಹೆಸರಿನಡಿ ತಂದದ್ದು 1985ರಲ್ಲಿ, ವೀಸನ್‌ಫೆಲ್ಡ್ ಮತ್ತು ಸಂಗಡಿಗರು. ಊತ, ಮುಖ ಸೋಲುವುದು, ಸೀಳು ನಾಲಿಗೆ ಮೂರೂ ಒಬ್ಬರಲ್ಲೇ ಕಾಣುವುದು ಕಡಿಮೆ. ಕಂಡರೂ ಒಂದಕ್ಕೂ ಇನ್ನೊಂದಕ್ಕೂ ನಡುವೆ ವರ್ಷಗಳೇ ಕಳೆದಿರಬಹುದು. ಹಳೆಯದನ್ನೆಲ್ಲ ಕೇಳಿ ತಿಳಿಯುವ ವೈದ್ಯರು ಸಿಕ್ಕರೆ ಅರ್ಧ ಕೆಲಸ ಆದಂತೆಯೇ.

ಬಾಯಿ ತೆರೆದು ನೋಡಿದರೆ ಇನ್ನಷ್ಟು ಸುಳಿವು ಸಿಗುತ್ತದೆ. ವಸಡು ಕೆಂಪಗೆ ಊದಿರಬಹುದು. ಕೆನ್ನೆಯ ಒಳಭಾಗ ಕಲ್ಲುಹಾಸಿನಂತೆ ಉಬ್ಬುತಗ್ಗಾಗಿರಬಹುದು. ಕೆನ್ನೆ ಮತ್ತು ವಸಡು ಕೂಡುವ ಕಡೆ ಗೀರಿದಂಥ ಉದ್ದನೆಯ ಹುಣ್ಣಿರಬಹುದು. ಆಮೇಲೆ ಬಯಾಪ್ಸಿ, ಅಂದರೆ ಒಂದು ಚೂರು ತೆಗೆದು ಸೂಕ್ಷ್ಮದರ್ಶಕದಲ್ಲಿ ನೋಡುವುದು. ಚೂರನ್ನು ಸ್ವಲ್ಪ ಆಳದಿಂದಲೇ ತೆಗೆಯಬೇಕು, ಏಕೆಂದರೆ ಗಂಟುಗಳು ಕೆಳಗಿನ ಸ್ನಾಯುವಿನ ಹತ್ತಿರ ಅಡಗಿರಬಹುದು. ರೋಗದ ಮೊದಲ ದಿನಗಳಲ್ಲಿ ಊತ ಬಿಟ್ಟರೆ ಏನೂ ಕಾಣದೆಯೂ ಇರಬಹುದು. ಒಮ್ಮೆ ಗ್ರ್ಯಾನುಲೋಮ ಸಿಗಲಿಲ್ಲ ಎಂದು ರೋಗವೇ ಇಲ್ಲ ಅನ್ನಲಾಗದು.

ಸಿಕ್ಕಿದರೂ ಕೆಲಸ ಮುಗಿಯುವುದಿಲ್ಲ. ಕ್ಷಯ, ಕುಷ್ಠ, ಕೆಲವು ಶಿಲೀಂಧ್ರಗಳು, ಹೆಚ್ಚಾಗಿ ಶ್ವಾಸಕೋಶಕ್ಕೆ ಬರುವ ಸಾರ್ಕಾಯ್ಡೋಸಿಸ್, ಕರುಳಿನ ಕ್ರೋನ್ಸ್ ಕಾಯಿಲೆ, ಎಲ್ಲವೂ ಇದೇ ಬಗೆಯ ಗಂಟು ಕಟ್ಟುತ್ತವೆ. ಕ್ಷಯದ ಗಂಟಿನ ನಡುಭಾಗ ಸಾಮಾನ್ಯವಾಗಿ ಗಿಣ್ಣಿನ ಹಾಗೆ ಕೊಳೆತಿರುತ್ತದೆ, ಇಲ್ಲಿ ಹಾಗಿರುವುದಿಲ್ಲ. ಅದೊಂದನ್ನೇ ನಂಬದೆ ಚೂರಿಗೆ ವಿಶೇಷ ಬಣ್ಣ ಹಾಕಿ ಕ್ರಿಮಿ ಹುಡುಕುತ್ತಾರೆ. ಎದೆಯ ಎಕ್ಸ್-ರೇ, ರಕ್ತದಲ್ಲಿ ಕಬ್ಬಿಣ, ಬಿ12, ಮಲದಲ್ಲಿ ಕರುಳಿನ ಉರಿಯೂತದ ಸುಳಿವು ಕೊಡುವ ಕ್ಯಾಲ್‌ಪ್ರೊಟೆಕ್ಟಿನ್ ನೋಡುತ್ತಾರೆ. ಅನುಮಾನ ಬಂದರೆ ಕೊಲೊನೋಸ್ಕೋಪಿಯೂ ಬೇಕಾಗುತ್ತದೆ. ತುಟಿ ತೋರಿಸಲು ಬಂದವರಿಗೆ ಕರುಳಿನ ಪರೀಕ್ಷೆ ಯಾಕೆ ಅಂತ ಅನ್ನಿಸುವುದು ಸಹಜ ಅಲ್ವಾ? ಕಾರಣ ಬಿಡಿಸಿ ಹೇಳಿದರೆ ಯಾರೂ ಹಿಂಜರಿಯುವುದಿಲ್ಲ. ಹೇಳಲೇಬೇಕು.

ಚಿಕಿತ್ಸೆಗೆ ಒಂದೇ ದಾರಿ ಇಲ್ಲ. ಸಣ್ಣ ಊತಕ್ಕೆ ಸ್ಟೀರಾಯ್ಡ್ ಅಥವಾ ರೋಗನಿರೋಧಕ ಕೋಶಗಳನ್ನು ತಣ್ಣಗಾಗಿಸುವ ಟ್ಯಾಕ್ರೊಲಿಮಸ್ ಮುಲಾಮು. ಬಗ್ಗದಿದ್ದರೆ ತುಟಿಯನ್ನು ಮರಗಟ್ಟಿಸಿ ಟ್ರಯಾಮ್ಸಿನೊಲೋನ್ ಎಂಬ ಸ್ಟೀರಾಯ್ಡ್ ಚುಚ್ಚುತ್ತಾರೆ. ಊತ ಇಳಿಯುತ್ತದೆ, ಆದರೆ ಹಲವರಲ್ಲಿ ತಿಂಗಳುಗಳ ಮೇಲೆ ಮತ್ತೆ ಬರುತ್ತದೆ. ಸ್ಟೀರಾಯ್ಡ್ ಮಾತ್ರೆ ಬೇಗ ಕೆಲಸ ಮಾಡಿದರೂ ತುಂಬಾ ದಿನ ನುಂಗುವಂಥದ್ದಲ್ಲ. ಮೂಳೆ ಸವೆಯುತ್ತದೆ, ಸಕ್ಕರೆ ಏರುತ್ತದೆ, ಮಕ್ಕಳಾದರೆ ಬೆಳವಣಿಗೆ ಕುಂಠಿತವಾಗುತ್ತದೆ.

ಯಾವುದಕ್ಕೂ ಜಗ್ಗದ ಊತಕ್ಕೆ ಇನ್ಫ್ಲಿಕ್ಸಿಮ್ಯಾಬ್‌ನಂಥ ಔಷಧಿ ಇದೆ. ಇದು ಟಿಎನ್‌ಎಫ್ ಎಂಬ ಪ್ರೋಟೀನನ್ನು ತಡೆಯುತ್ತದೆ. ಗ್ರ್ಯಾನುಲೋಮದ ಗೋಡೆ ನಿಂತಿರಲು ಟಿಎನ್‌ಎಫ್ ಬೇಕು. ಅದನ್ನು ತಡೆದರೆ ತುಟಿಯಲ್ಲಿರುವ ಬೇಡದ ಕೋಟೆ ಕರಗುತ್ತದೆ. ಆದರೆ ಎಷ್ಟೋ ಜನರ ಎದೆಯಲ್ಲಿ ಕ್ಷಯದ ಕ್ರಿಮಿ ಇಂಥದ್ದೇ ಗೋಡೆಯೊಳಗೆ ಸೆರೆಯಾಗಿ, ಸದ್ದಿಲ್ಲದೆ ಮಲಗಿರುತ್ತದೆ. ಆ ಗೋಡೆಯೂ ಕುಸಿದರೆ? ಈ ಔಷಧಿ ಕೊಡುವ ಮೊದಲು ಅಡಗಿದ ಕ್ಷಯವನ್ನು ಹುಡುಕಲೇಬೇಕಾದದ್ದು ಇದಕ್ಕಾಗಿ.

ಇನ್ನೊಂದು ಸರಳ ದಾರಿ ಊಟದ್ದು. ದಾಲ್ಚಿನ್ನಿ ಮತ್ತು ಆಹಾರ ಕೆಡದಂತೆ ಹಾಕುವ ಬೆಂಜೊಯೇಟ್ ಪೂರ್ತಿ ಬಿಟ್ಟಾಗ ಹಲವರ ಊತ ತಗ್ಗಿದೆ, ಎಲ್ಲರದ್ದಲ್ಲ. ಸಾಮಾನ್ಯವಾಗಿ ಮೂರು ತಿಂಗಳು ಬಿಟ್ಟು ನೋಡುತ್ತಾರೆ. ದಾಲ್ಚಿನ್ನಿ ಅಡುಗೆಯಲ್ಲಷ್ಟೇ ಅಲ್ಲ, ಕೆಲವು ಟೂತ್‌ಪೇಸ್ಟ್ ಮತ್ತು ಚೂಯಿಂಗ್ ಗಮ್‌ನಲ್ಲೂ ಇರುತ್ತದೆ. ಬೆಂಜೊಯೇಟ್ ಹಲವು ತಂಪು ಪಾನೀಯ ಮತ್ತು ಸಾಸ್‌ಗಳಲ್ಲಿ ಇ211 ಮೊದಲಾದ ಹೆಸರಿನಲ್ಲಿರುತ್ತದೆ. ಸುಮ್ನೆ ನಾವೇ ಶುರುಮಾಡಿ ಮಕ್ಕಳ ಊಟ ಕಡಿತಗೊಳಿಸುವುದು ಬೇಡ, ಆಹಾರ ತಜ್ಞರು ಜೊತೆಗಿರಲಿ.

ತುಟಿಯ ಗಾತ್ರ ತಗ್ಗಿಸುವ ಶಸ್ತ್ರಚಿಕಿತ್ಸೆಯನ್ನು, ರೋಗ ತಣ್ಣಗಾಗಿ ಸಾಕಷ್ಟು ಕಾಲವಾದ ಮೇಲಷ್ಟೇ ಯೋಚಿಸುತ್ತಾರೆ. ಮುಖದ ಮೇಲಿನ ಊತವನ್ನು ದಿನವೂ ನಾಲ್ಕು ಜನರ ಎದುರು ಹೊತ್ತು ತಿರುಗುವವರಿಗೆ ಈ ಕಾಯುವಿಕೆ ದೊಡ್ಡ ಸಂಕಟ. ಅದನ್ನು ಬರೀ ಅಂದದ ಚಿಂತೆ ಎಂದು ತಳ್ಳಿಹಾಕಬಾರದು.

ಮಕ್ಕಳಲ್ಲಿ ಕಣ್ಣು ಇನ್ನೂ ಚುರುಕಾಗಿರಬೇಕು. ಅವರಲ್ಲಿ ತುಟಿ ಊತಕ್ಕೂ ಕ್ರೋನ್ಸ್ ಕಾಯಿಲೆಗೂ ನಂಟು ಹೆಚ್ಚು. ಹೊಟ್ಟೆಯ ತೊಂದರೆ ಕಾಣಿಸುವ ಎಷ್ಟೋ ಮೊದಲೇ ತುಟಿ ಊದಬಹುದು. ಹಾಗಾಗಿ ಪ್ರತಿ ಭೇಟಿಯಲ್ಲೂ ತುಟಿಯ ಜೊತೆ ಮಗುವಿನ ಎತ್ತರ, ತೂಕವನ್ನೂ ಬರೆದಿಡಬೇಕು. ಹೊಟ್ಟೆನೋವು, ಭೇದಿ, ಮಲದಲ್ಲಿ ರಕ್ತ ಇದೆಯೇ ಎಂದು ಪ್ರತಿ ಸಲವೂ ಕೇಳಬೇಕು, ಹಿಂದಿನ ಸಲ ಇಲ್ಲ ಅಂದಿದ್ದರೂ.