ಸರ್ಟಿಫಿಕೇಟಿನ ಮೂರನೇ ಸಂಖ್ಯೆ

ಉಂಗುರ ಕಟ್ಟುವ ನಮ್ಮ ಬಳಿಗೆ ಹರಳು ತರುವವರು ಮೊದಲು ತೆರೆಯುವುದು ಮೊಬೈಲು. ಅದರಲ್ಲೊಂದು ಉಂಗುರದ ಚಿತ್ರ: ತೆಳ್ಳಗಿನ ಪಟ್ಟಿ, ಬೆರಳಿಗೆ ಅಂಟಿಕೊಂಡಂತೆ ತಗ್ಗಾಗಿ ಕೂತ ನೀಲ. ಆಮೇಲೆ ಪರ್ಸಿನಿಂದ ಮಡಚಿದ ಬಿಳಿ ಕಾಗದದ ಪೊಟ್ಟಣ ಹೊರಬರುತ್ತದೆ. "ಇದನ್ನು ಹೀಗೇ ಮಾಡಿಕೊಡಿ." ಪೊಟ್ಟಣ ಬಿಚ್ಚಿದರೆ ಒಳಗಿರುವುದು ಒಂದು ಬುಗುರಿ. ಮುಖವೇನೋ ಚಿತ್ರದಲ್ಲಿರುವಷ್ಟೇ ಅಗಲ. ಹೊಟ್ಟೆ ಮಾತ್ರ ಚಿತ್ರದಲ್ಲಿಲ್ಲ.

ಚಿತ್ರದಲ್ಲಿ ಹೊಟ್ಟೆ ಕಾಣುವುದೂ ಇಲ್ಲ ಬಿಡಿ. ಅಂಗಡಿಯವರು ಹರಳಿನ ಫೋಟೊ ತೆಗೆಯುವುದು ಮೇಲಿನಿಂದಲೇ. ಆದರೆ ಕೈಯಲ್ಲಿ ಉಂಗುರ ಕಟ್ಟುವವರಿಗೆ ಹರಳಿನ ಮುಖ ಕಡೆಯ ವಿಚಾರ. ಉಂಗುರದ ಎತ್ತರ, ಹರಳನ್ನು ಸುತ್ತಿ ಹಿಡಿಯುವ ಗೋಡೆಯ ಅಳತೆ, ಚಿನ್ನದ ತೂಕ, ಅದು ಬೆರಳಲ್ಲಿ ನೆಟ್ಟಗೆ ನಿಲ್ಲುತ್ತದೋ ಮಗುಚುತ್ತದೋ ಎಂಬುದೆಲ್ಲ ತೀರ್ಮಾನವಾಗುವುದು ಸೊಂಟದಿಂದ ಕೆಳಗೆ. ಹರಳಿಗೆ ಸೊಂಟವೆಂದರೆ ಅದರ ಅತಿ ಅಗಲವಾದ ಅಂಚು. ಅದರ ಮೇಲಿನದು ತಲೆ, ಕೆಳಗಿನದು ಹೊಟ್ಟೆ.

ಲ್ಯಾಬ್ ಸರ್ಟಿಫಿಕೇಟ್ ತಂದವರೂ ಈ ವಿಷಯದಲ್ಲಿ ಮೋಸ ಹೋಗುತ್ತಾರೆ. ಅದರಲ್ಲಿ ಅಳತೆಯ ಸಾಲೊಂದು ಇರುತ್ತದೆ. 10.0, 8.0, 7.5 ಮಿಲಿಮೀಟರ್ ಎಂದು ಇಟ್ಟುಕೊಳ್ಳಿ. ಮೊದಲೆರಡು ಉದ್ದ, ಅಗಲ. ಮೂರನೆಯದು ಆಳ. ತೂಕವನ್ನೂ 'ನ್ಯಾಚುರಲ್' ಎಂಬ ಪದವನ್ನೂ ಹತ್ತು ಸಲ ಓದಿದವರು ಈ ಮೂರನೇ ಸಂಖ್ಯೆಯನ್ನು ಒಮ್ಮೆಯೂ ನೋಡಿರುವುದಿಲ್ಲ.

ಲೆಕ್ಕ ಸುಲಭ. ಅಂಡಾಕಾರದ ಹರಳಾದರೆ ಉದ್ದ ಅಗಲಗಳ ಸರಾಸರಿ ತೆಗೆದು ಅದನ್ನು ಅದರಿಂದಲೇ ಗುಣಿಸಿ, ಬಂದದ್ದನ್ನು ಆಳದಿಂದ, ಆಮೇಲೆ ಹರಳಿನ ಸಾಂದ್ರತೆಯಿಂದ, ಕೊನೆಗೆ 0.002ರಿಂದ ಗುಣಿಸಿ. ಸುಮಾರು ತೂಕ ಕ್ಯಾರೆಟ್ಟಿನಲ್ಲಿ ಸಿಗುತ್ತದೆ. ನೀಲ, ಪುಷ್ಯರಾಗ, ಮಾಣಿಕ್ಯ ಮೂರಕ್ಕೂ ಸಾಂದ್ರತೆ 4. ಮೇಲಿನ ಹರಳಿಗೆ 9 × 9 × 7.5 × 4 × 0.002, ಅಂದರೆ 4.86 ಕ್ಯಾರೆಟ್. ಅದೇ 10 × 8ರ ಮುಖವಿದ್ದು ಆಳ 5.2 ಆಗಿದ್ದರೆ 3.4 ಕ್ಯಾರೆಟ್ಟಿಗೆ ನಿಲ್ಲುತ್ತದೆ. ಉಳಿದ ಒಂದೂವರೆ ಕ್ಯಾರೆಟ್ ಹೊಟ್ಟೆಯೊಳಗೆ ಇದೆ. ಯಾರಿಗೂ ಕಾಣದು, ದುಡ್ಡು ಮಾತ್ರ ಕ್ಯಾರೆಟ್ ಲೆಕ್ಕದಲ್ಲೇ ಕೊಟ್ಟಿರುತ್ತೀರಿ.

ಬುಗುರಿ ಹರಳು ಹುಟ್ಟುವುದಕ್ಕೆ ನಮ್ಮ ಬೇಡಿಕೆಯೂ ಒಂದು ಕಾರಣ. ಜೋಯಿಸರು ಐದೂಕಾಲು ರತ್ತಿ ಎಂದು ಬರೆದುಕೊಡುತ್ತಾರೆ. ಹರಳಿನ ವ್ಯಾಪಾರದ ರತ್ತಿ ಸಾಮಾನ್ಯವಾಗಿ 0.91 ಕ್ಯಾರೆಟ್ಟು. ಅಲ್ಲಿಗೆ ಬೇಕಾದದ್ದು ಸುಮಾರು 4.8 ಕ್ಯಾರೆಟ್. ತೂಕ ತುಂಬಬೇಕು, ಬೆರಳಿಗೆ ದೊಡ್ಡದಾಗಬಾರದು, ಬೆಲೆಯೂ ಏರಬಾರದು ಎಂದರೆ ಪೇಟೆಯವರು ಕೊಡುವುದು ಹೊಟ್ಟೆ ಬಂದ ಹರಳನ್ನೇ. ಇನ್ನೊಂದು ಕಾರಣ ಕಲ್ಲಿನೊಳಗೇ ಇದೆ. ಶ್ರೀಲಂಕಾದ ರತ್ನಪುರದ ಕಡೆಯ ನೀಲದಲ್ಲಿ ಬಣ್ಣ ಕಲ್ಲಿನ ತುಂಬ ಸಮನಾಗಿ ಹರಡಿರುವುದು ಕಡಿಮೆ. ಒಂದು ಮೂಲೆಯಲ್ಲಿ ಪಟ್ಟೆಯಾಗಿ ಕೂತಿರುತ್ತದೆ. ಜಾಣ ಸಾಣೆಗಾರ ಆ ಬಣ್ಣವನ್ನು ಹೊಟ್ಟೆಯ ತುದಿಗೆ ಬರುವಂತೆ ಕತ್ತರಿಸುತ್ತಾನೆ. ಅಲ್ಲಿಂದ ಅದು ಪ್ರತಿಫಲಿಸಿ ಮುಖವೆಲ್ಲ ನೀಲಿಯಾಗಿ ಕಾಣುತ್ತದೆ. ಹರಳನ್ನು ನೀರಲ್ಲಿ ಹಾಕಿ ಬಿಳಿ ತಟ್ಟೆಯ ಮೇಲೆ ಪಕ್ಕದಿಂದ ನೋಡಿ, ಅರ್ಧ ಹರಳು ಗಾಜಿನಷ್ಟು ಬೆಳ್ಳಗಿರುವುದು ಆಗ ಗೊತ್ತಾಗುತ್ತದೆ.

ಹಾಗಾಗಿ "ಹೊಟ್ಟೆ ಸ್ವಲ್ಪ ಸವೆಸಿಬಿಡಿ" ಎಂಬ ಸಲಹೆಗೆ ನಾವು ತಟಕ್ಕನೆ ಹೂಂ ಅನ್ನುವುದಿಲ್ಲ. ಸವೆಸಿದರೆ ತೂಕ ಇಳಿಯುವುದು ಖಂಡಿತ, ಬಣ್ಣ ಹೋಗುವುದು ಸಾಧ್ಯ, ಕೈಯಲ್ಲಿರುವ ಸರ್ಟಿಫಿಕೇಟ್ ಆ ಹರಳಿನದ್ದಾಗಿ ಉಳಿಯುವುದಿಲ್ಲ. ಬಣ್ಣ ಎಲ್ಲಿ ಕೂತಿದೆ ಎಂದು ನೋಡಿದ ಸಾಣೆಯವರು ಮಾತ್ರ ಈ ಮಾತು ಆಡಬಹುದು.

ಈಗ ಉಂಗುರಕ್ಕೆ ಬರೋಣ. 7.5 ಆಳದ ಆ ಹರಳಿನಲ್ಲಿ ತಲೆ 1.8, ಸೊಂಟದ ದಪ್ಪ 0.3, ಹೊಟ್ಟೆ 5.4 ಮಿಲಿಮೀಟರ್. ತುದಿ ಚರ್ಮಕ್ಕೆ ಚುಚ್ಚದಿರಲು ಅರ್ಧ ಮಿಲಿಮೀಟರ್ ಜಾಗ ಬೇಕು. ಬೆರಳಿನಿಂದ ಹರಳಿನ ನೆತ್ತಿಗೆ ಒಟ್ಟು 8 ಮಿಲಿಮೀಟರ್. ಚಿತ್ರದ ಉಂಗುರ ಹೆಚ್ಚೆಂದರೆ 5.7. ವ್ಯತ್ಯಾಸ ಎರಡೂಕಾಲು ಮಿಲಿಮೀಟರ್ ಅಷ್ಟೇ ಎಂದು ನಗಬೇಡಿ. ಬೆರಳಿನ ಮೇಲೆ ಅದು ಮನೆಗೂ ಮಾಳಿಗೆಗೂ ಇರುವ ಅಂತರ.

"ಒಳಗೆ ಇಳಿಸಿ" ಎನ್ನುತ್ತಾರೆ. ಎಲ್ಲಿಗೆ ಇಳಿಸುವುದು ಮಾರಾಯ್ರೆ? ಬೆರಳು ಚಪ್ಪಟೆ ಹಲಗೆಯಲ್ಲ. 16ರ ಅಳತೆಯ ಉಂಗುರದ ಒಳಸುತ್ತು 56 ಮಿಲಿಮೀಟರ್, ಅಡ್ಡಳತೆ 17.8. ಆ ದುಂಡು ಬೆರಳು ಎಲ್ಲಿ ಅತಿ ಎತ್ತರಕ್ಕೆ ಉಬ್ಬಿದೆಯೋ ಸರಿಯಾಗಿ ಅಲ್ಲಿಗೇ ಹರಳಿನ ಹೊಟ್ಟೆಯ ತುದಿ ಬರುತ್ತದೆ. ಉಬ್ಬಿಗೆ ಉಬ್ಬು ಎದುರು. ಹರಳನ್ನು ಅಡ್ಡ ಕೂರಿಸಿದರೂ ಉದ್ದ ಕೂರಿಸಿದರೂ ತುದಿ ಮಧ್ಯದಲ್ಲೇ ಇರುತ್ತದೆ, ಎತ್ತರ ಕೂದಲೆಳೆಯಷ್ಟೂ ಇಳಿಯುವುದಿಲ್ಲ.

ಚರ್ಮಕ್ಕೆ ತಾಗಬೇಕು ಎಂಬುದು ನಮ್ಮ ಕಡೆ ಹೆಚ್ಚಿನವರ ಷರತ್ತು. ಅದರ ಫಲಾಫಲ ಜೋಯಿಸರಿಗೆ ಬಿಟ್ಟದ್ದು. ನಾವು ಹೇಳಬಹುದಾದದ್ದು ಲೋಹದ ಮಾತು ಮಾತ್ರ. ತಾಗಿಸಿದರೆ ಉಂಗುರ ತಗ್ಗುತ್ತದೆ ಎಂಬುದು ಭ್ರಮೆ, ಉಳಿಯುವುದು ಆ ಅರ್ಧ ಮಿಲಿಮೀಟರ್. ತುದಿಯನ್ನು ಪಟ್ಟಿಯ ಒಳಮೈಗೆ ಸಮ ಮಾಡಿದರೆ ಸಾಕು, ಬೆರಳಿನ ಮಾಂಸವೇ ಉಬ್ಬಿ ತಾಗುತ್ತದೆ. ಹೊರಗೆ ಚಾಚಿಸಿದರೆ ಉಂಗುರ ತೆಗೆದು ಗ್ರಾನೈಟ್ ಕಟ್ಟೆಯ ಮೇಲೆ ಇಟ್ಟ ದಿನವೇ ತುದಿ ಚಕ್ಕೆ ಏಳುತ್ತದೆ. ಒಳಗಿನ ತೂತಿನ ಅಂಚನ್ನು ದುಂಡಗೆ ಅರ ಹಾಕಿ ನಯ ಮಾಡಲೇಬೇಕು, ಇಲ್ಲವಾದರೆ ಚರ್ಮದಲ್ಲಿ ಬಳೆಯಂತೆ ಗುರುತು ಬೀಳುತ್ತದೆ.

ತೆರೆದ ಬೆನ್ನಿನ ಉಂಗುರಕ್ಕೆ ಇನ್ನೊಂದು ಶತ್ರು ತೆಂಗಿನೆಣ್ಣೆ. ಹೊಟ್ಟೆಯ ಸಾಣೆ ಹಿಡಿದ ಮೈಗೆ ಎಣ್ಣೆ, ಸಾಬೂನು, ಗಂಧದ ಪುಡಿ ಅಂಟಿದರೆ ಒಳಗೆ ತಿರುಗಿ ಮೇಲೆ ಬರಬೇಕಾದ ಬೆಳಕು ಅಲ್ಲೇ ಸೋರಿಹೋಗುತ್ತದೆ. "ಹರಳಿನ ಶಕ್ತಿ ಮುಗಿಯಿತು, ಮಂಕಾಗಿದೆ" ಎಂದು ತಂದು ತೋರಿಸುವ ಉಂಗುರಗಳಲ್ಲಿ ಬಹುಪಾಲಿಗೆ ಬೇಕಾದದ್ದು ಉಗುರುಬೆಚ್ಚಗಿನ ನೀರು, ಪಾತ್ರೆ ತೊಳೆಯುವ ದ್ರವದ ಎರಡು ಹನಿ, ಮೆತ್ತಗಿನ ಬ್ರಶ್ಶು, ಹತ್ತು ನಿಮಿಷ. ಇದು ನೀಲ, ಪುಷ್ಯರಾಗ, ಮಾಣಿಕ್ಯಕ್ಕೆ. ಪಚ್ಚೆಯ ಬಿರುಕುಗಳಿಗೆ ಸಾಮಾನ್ಯವಾಗಿ ಎಣ್ಣೆ ತುಂಬಿಸಿರುತ್ತಾರೆ, ಅದನ್ನು ಬಿಸಿನೀರಿಗೂ ಅಲ್ಟ್ರಾಸೋನಿಕ್ ಯಂತ್ರಕ್ಕೂ ಹಾಕಬಾರದು. ಮುತ್ತು ಹವಳಕ್ಕೆ ಒದ್ದೆ ಬಟ್ಟೆ ಸಾಕು. ಅಜ್ಜಿಯ ಕಾಲದ ಬೆನ್ನು ಮುಚ್ಚಿದ ಕೆಂಪಿನ ಓಲೆಗೆ ನೀರು ಮುಟ್ಟಿಸಲೇಬೇಡಿ. ಅಂಥ ಓಲೆಗಳಲ್ಲಿ ಕಲ್ಲಿನ ಕೆಳಗೆ ಬೇಗಡೆ, ಅಂದರೆ ಹೊಳೆಯುವ ತೆಳು ತಗಡು, ಇಟ್ಟಿರುತ್ತಾರೆ, ಒಳಗೆ ನೀರು ಹೋದರೆ ಅದು ಕಪ್ಪಾಗುತ್ತದೆ. ಆ ಕಲ್ಲುಗಳನ್ನು ಕಿತ್ತು ಹೊಸ ತೆರೆದ ಉಂಗುರಕ್ಕೆ ಹಾಕಿಸುವವರಿಗೂ ಮೊದಲೇ ಹೇಳಿಬಿಡುವುದು ಒಳ್ಳೆಯದು: ಅಷ್ಟು ವರ್ಷ ನೀವು ನೋಡಿದ ಕೆಂಪಿನಲ್ಲಿ ಬೇಗಡೆಯ ಪಾಲೂ ಇದ್ದಿರಬಹುದು.

ಚಿನ್ನದ ವಿಷಯ. ಕರಾವಳಿಯವರಿಗೆ 916 ಬಿಟ್ಟರೆ ಚಿನ್ನವೇ ಅಲ್ಲ. ಕಷ್ಟಕಾಲಕ್ಕೆ ಸೊಸೈಟಿಯಲ್ಲಿ ಅಡ ಇಡಬೇಕಲ್ಲ, ಆ ಮಾತು ಅರ್ಥವಾಗುತ್ತದೆ. ಆದರೆ 916 ಎಂದರೆ 22 ಕ್ಯಾರೆಟ್ (ಇಲ್ಲಿ ಕ್ಯಾರೆಟ್ ತೂಕವಲ್ಲ, ಚಿನ್ನದ ಶುದ್ಧತೆ), ಮೆತ್ತಗಿನ ಲೋಹ. ಎತ್ತರದ ಹರಳನ್ನು ಅದರ ನಾಲ್ಕು ಪ್ರಾಂಗ್‌ಗಳಲ್ಲಿ, ಅಂದರೆ ಹರಳನ್ನು ಹಿಡಿಯುವ ಚಿನ್ನದ ಉಗುರುಗಳಲ್ಲಿ, ನಿಲ್ಲಿಸಿದರೆ ಸೀರೆಯ ನೂಲೊಂದು ಸಿಕ್ಕಿ ಎಳೆದರೂ ಆ ಉಗುರು ಬಾಗಿ ಹರಳು ಅಲ್ಲಾಡತೊಡಗುತ್ತದೆ. ಪ್ರಾಂಗ್ ಬೇಕೇ ಬೇಕಾದರೆ 18 ಕ್ಯಾರೆಟ್ಟಿನಲ್ಲಿ, ಒಂದು ಮಿಲಿಮೀಟರಿಗೆ ಕಡಿಮೆಯಿಲ್ಲದ ತಂತಿಯಲ್ಲಿ ಮಾಡಿಸಿ. 916 ಬೇಕೇ ಬೇಕಾದರೆ ಸುತ್ತು ಗೋಡೆ ಕಟ್ಟಿ ಅಂಚನ್ನು ಹರಳಿನ ಮೇಲೆ ಒತ್ತುವ ಕ್ಲೋಸ್ ಸೆಟ್ಟಿಂಗ್ ಮಾಡಿಸಿ. ಅಲ್ಲಿ ಮೆತ್ತಗಿರುವುದೇ ಗುಣ.

ಆ ಗೋಡೆಯ ಲೆಕ್ಕದಲ್ಲಿ ಮತ್ತೆ ಹೊಟ್ಟೆ ಬರುತ್ತದೆ. ಅರ್ಧ ಮಿಲಿಮೀಟರ್ ದಪ್ಪದ ತಗಡಿಗೆ, ಹರಳಿನ ಸರಾಸರಿ ಅಡ್ಡಳತೆಗೆ ತಗಡಿನ ದಪ್ಪ ಸೇರಿಸಿ 3.14ರಿಂದ ಗುಣಿಸಿದರೆ ಉದ್ದ ಸಿಗುತ್ತದೆ. 9.5 × 3.14, ಹತ್ತಿರ ಹತ್ತಿರ 30 ಮಿಲಿಮೀಟರ್. ದಪ್ಪ ಸೇರಿಸಲು ಮರೆತರೆ ಬೆಸುಗೆಯಾದ ಮೇಲೆ ಹರಳು ಒಳಗೆ ಇಳಿಯುವುದಿಲ್ಲ. ಎತ್ತರ: ತುದಿಯ ಕೆಳಗೆ ಬಿಟ್ಟ ಜಾಗ 0.5, ಹೊಟ್ಟೆ 5.4, ಸೊಂಟ 0.3, ಮೇಲೆ ಮಡಚಲು 0.6, ಹೆಚ್ಚುಕಡಿಮೆ 7. ತಗ್ಗಿನ ಹರಳಿಗಾದರೆ 5 ಸಾಕು. ಗೋಡೆಯೊಂದರಲ್ಲೇ ಅರ್ಧ ಗ್ರಾಂ ಚಿನ್ನ ಹೆಚ್ಚು. ಪಟ್ಟಿಯೂ ತೆಳ್ಳಗಿರುವಂತಿಲ್ಲ. ತಲೆಭಾರದ ಉಂಗುರ ತೆಳು ಪಟ್ಟಿಯಲ್ಲಿ ಕಿರುಬೆರಳಿನತ್ತ ಮಗುಚುತ್ತಲೇ ಇರುತ್ತದೆ. ಅದನ್ನು ತಡೆಯಲು ಪಟ್ಟಿಯ ತಳವನ್ನು 3 ಮಿಲಿಮೀಟರ್ ಅಗಲ ಮಾಡಿ ತುಸು ಚಪ್ಪಟೆಗೊಳಿಸುತ್ತೇವೆ, ಇಲ್ಲವೇ ಒಳಗೆ ಎರಡು ಚಿಕ್ಕ ಗುಂಡು ಬೆಸೆಯುತ್ತೇವೆ. ಬೆರಳಿನ ಅಳತೆಯನ್ನು ಮಧ್ಯಾಹ್ನದ ನಂತರ ಕೊಡಿ. ಆಟಿಯ ಮಳೆಯಲ್ಲಿ, ಬೆಳಿಗ್ಗೆ ತಣ್ಣೀರು ಮುಟ್ಟಿದ ಕೈಯಲ್ಲಿ ಕೊಟ್ಟ ಅಳತೆ ಮೇ ತಿಂಗಳ ಸೆಕೆಗೆ ಬಿಗಿಯಾಗುತ್ತದೆ.

ಹೊಟ್ಟೆ ದಪ್ಪ ಎಂದು ಹರಳನ್ನು ಎಸೆಯಬೇಕಾಗಿಲ್ಲ. ಎತ್ತರವನ್ನು ಅಡಗಿಸಲು ಹೋಗದೆ, ಪಟ್ಟಿಯ ಎರಡೂ ಭುಜಗಳನ್ನು ಸೊಂಟದವರೆಗೆ ಓರೆಯಾಗಿ ಏರಿಸಿದರೆ ಕಣ್ಣಿಗೆ ಅದು ಎತ್ತರವೆನಿಸದೆ ಗೋಪುರವೆನಿಸುತ್ತದೆ. ಗೋಡೆಯ ಪಕ್ಕದಲ್ಲಿ ಬಳ್ಳಿಯದ್ದೋ ಹನಿಯದ್ದೋ ಕಿಂಡಿ ಕೊರೆದರೆ ಚಿನ್ನವೂ ಉಳಿಯುತ್ತದೆ, ತೊಳೆಯಲೂ ದಾರಿಯಾಗುತ್ತದೆ. ಪದಕವಾದರೆ ಇನ್ನೂ ಸಲೀಸು, ಆದರೆ ಕೊಂಡಿಯನ್ನು ಜಾಗ ನೋಡಿ ಬೆಸೆಯಬೇಕು. ಜಾಗ ತಪ್ಪಿದರೆ ಹೊಟ್ಟೆ ಎದೆಯನ್ನು ತಳ್ಳಿ ಹರಳಿನ ಮುಖ ಬಾಗುತ್ತದೆ.

ಇದನ್ನೆಲ್ಲ ಕೇಳಿ ಕೆಲವರು ಹುಡುಕಿ ಹುಡುಕಿ ತೀರ ತೆಳು ಹರಳು ತರುತ್ತಾರೆ, ಅದೂ ಕಷ್ಟವೇ. ಹೊಟ್ಟೆ ತೀರ ಚಪ್ಪಟೆಯಾದರೆ ಬೆಳಕು ತಿರುಗದೆ ನೇರ ಕೆಳಗೆ ಹೋಗುತ್ತದೆ, ನಡುವೆ ಕಿಟಕಿ ತೆರೆದಂತೆ ಕಾಣುತ್ತದೆ. ಹರಳನ್ನು ಪೇಪರಿನ ಅಕ್ಷರಗಳ ಮೇಲೆ ಮುಖ ಮೇಲಾಗಿ ಇಟ್ಟು ನೋಡಿ. ನಟ್ಟನಡುವೆ ಅಕ್ಷರ ಓದಲು ಬಂದರೆ ಆ ಹರಳು ಬೆರಳಿನ ಮೇಲೆ ಚರ್ಮದ ಬಣ್ಣವನ್ನೇ ತೋರಿಸುತ್ತದೆ. ಅಗಲದ ಶೇಕಡಾ 60ರಿಂದ 70ರಷ್ಟು ಆಳ ಇರುವ ಹರಳು ಕೈಗೆ ಬಂದರೆ ನಮಗೂ ಖುಷಿ.

ದುಬೈಯಿಂದ ಮೂರು ವಾರದ ರಜೆಯಲ್ಲಿ ಬಂದವರು ವಿಮಾನದ ಟಿಕೆಟ್ ತೋರಿಸಿ ಅವಸರ ಮಾಡುತ್ತಾರೆ. ಅವರು ಹರಳು ಕೊಳ್ಳುವ ಮೊದಲೇ ಒಂದು ಫೋಟೊ ಕಳಿಸಿದರೆ ಅರ್ಧ ಕೆಲಸ ಮುಗಿದಂತೆ. ಮೇಲಿನಿಂದ ತೆಗೆದದ್ದು ಬೇಡ. ಹರಳಿನ ಮುಖ ಕೆಳಗೆ ಮಾಡಿ ಮೇಜಿನ ಮೇಲಿಡಿ, ಪಕ್ಕದಲ್ಲಿ ಸ್ಕೇಲ್ ನಿಲ್ಲಿಸಿ, ಮೊಬೈಲನ್ನು ಮೇಜಿನ ಮಟ್ಟಕ್ಕೆ ಇಳಿಸಿ ತೆಗೆಯಿರಿ.