ಟೈಗ್ರಿಸ್ ತಳದ ಕಲ್ಲು ಮತ್ತು ಗುತ್ತಿಗೆಯ ಕಾಗದ

2003ರ ಯುದ್ಧದ ನಂತರ ಇರಾಕಿನ ತೈಲೋದ್ಯಮ ಬೇಗ ಚೇತರಿಸಿಕೊಳ್ಳದಿದ್ದುದಕ್ಕೆ ಬಂಡುಕೋರರ ಬಾಂಬುಗಳೇ ಕಾರಣ ಎಂದು ಈಗಲೂ ನಂಬುವವರಿದ್ದಾರೆ. ಬಾಂಬುಗಳು ಸಿಡಿದದ್ದು ನಿಜ. ಆದರೆ ಉತ್ತರ ಇರಾಕಿನಲ್ಲಿ ತೈಲದ ಕೊಳವೆಗಳು ನದಿ ದಾಟುವ ಅಲ್ ಫತಾಹ್ ಎಂಬಲ್ಲಿ ಕೆಲಸ ಕೆಡಿಸಿದ್ದು ಟೈಗ್ರಿಸ್ ನದಿಯ ತಳದ ಉರುಟುಗಲ್ಲು, ಮತ್ತು ಆ ಕಲ್ಲನ್ನು ಲೆಕ್ಕಕ್ಕೇ ತೆಗೆದುಕೊಳ್ಳದ ಒಂದು ಗುತ್ತಿಗೆ.

1927ರಲ್ಲಿ ಬಾಬಾ ಗುರ್ಗುರ್‌ನಲ್ಲಿ ಚಿಮ್ಮಿದ ಕಿರ್ಕುಕ್ ತೈಲ ಇಂದು ಬೈಜಿಯ ಸಂಸ್ಕರಣಾಗಾರ ಸೇರಬೇಕಾದರೆ ಟೈಗ್ರಿಸ್ ದಾಟಬೇಕು. ಅಲ್ ಫತಾಹ್‌ನಲ್ಲಿ ಆ ಕೊಳವೆಗಳನ್ನು ಹೊತ್ತಿದ್ದ ಸೇತುವೆ 2003ರಲ್ಲಿ ಅಮೆರಿಕದ ವಾಯುದಾಳಿಗೆ ಸಿಕ್ಕಿತು. ತೈಲ ವ್ಯವಸ್ಥೆಯ ದುರಸ್ತಿಯನ್ನು ಅಮೆರಿಕದ ಸೇನೆ ಸ್ಪರ್ಧಾತ್ಮಕ ಟೆಂಡರ್ ಇಲ್ಲದೆ ಕೆಬಿಆರ್ ಎಂಬ ಅಮೆರಿಕನ್ ಕಂಪನಿಗೆ ವಹಿಸಿತ್ತು. ಅದು ಆಗ ತೈಲ ಸೇವೆಗಳ ದೊಡ್ಡ ಕಂಪನಿ ಹಾಲಿಬರ್ಟನ್‌ನ ಅಂಗಸಂಸ್ಥೆ. ಅಮೆರಿಕದ ಆಗಿನ ಉಪಾಧ್ಯಕ್ಷ ಡಿಕ್ ಚೆನಿ 2000ದವರೆಗೆ ಹಾಲಿಬರ್ಟನ್‌ನ ಮುಖ್ಯಸ್ಥರಾಗಿದ್ದವರು. ಚರ್ಚೆಯೆಲ್ಲ ಈ ನಂಟನ್ನೇ ಹಿಡಿದು ಕೂತಿತು. ಅದಕ್ಕಿಂತ ಹೆಚ್ಚು ಹಾನಿ ಮಾಡಿದ್ದು ಗುತ್ತಿಗೆಯ ಸ್ವರೂಪ: ಆದ ಖರ್ಚೆಲ್ಲ ವಾಪಸು, ಮೇಲೊಂದಿಷ್ಟು ಶುಲ್ಕ.

ಸೇತುವೆಯ ಬದಲು ನದಿಯಡಿಯಲ್ಲೇ ಕೊಳವೆ ಹಾಯಿಸುವುದೆಂದು ತೀರ್ಮಾನವಾಯಿತು. ಪೈಜಾಮಕ್ಕೆ ಲಾಡಿ ಪೋಣಿಸುವಂಥದೇ ಈ ವಿದ್ಯೆ. ಬೈರಿಗೆ ಈ ದಡದಲ್ಲಿ ಓರೆಯಾಗಿ ಇಳಿದು, ನದಿಯ ಕೆಳಗೆ ಬಾಗಿ, ಆಚೆ ದಡದಲ್ಲಿ ಏಳುತ್ತದೆ. ಆಮೇಲೆ ರಂಧ್ರವನ್ನು ಅಗಲಿಸುತ್ತ ಕೊಳವೆಯನ್ನು ಹಿಂದಕ್ಕೆ ಎಳೆದುಕೊಳ್ಳುತ್ತಾರೆ. ಅಷ್ಟು ಹೊತ್ತು ರಂಧ್ರ ಕುಸಿಯದಂತೆ ಕಾಯುವುದು ಬೆಂಟೊನೈಟ್ ಜೇಡಿಯ ರಾಡಿ. ಅದು ಒತ್ತಡದಿಂದ ಗೋಡೆಗೆ ಮೆತ್ತಿಕೊಂಡು ತೆಳುಪದರವಾಗುತ್ತದೆ, ಕೊರೆದ ಪುಡಿಯನ್ನೂ ಹೊರಗೆ ಹೊತ್ತು ತರುತ್ತದೆ. ಜೇಡಿಮಣ್ಣಿನಲ್ಲಿ ಇದು ಸೊಗಸಾಗಿ ನಡೆಯುತ್ತದೆ. ಸಡಿಲ ಉರುಟುಗಲ್ಲಿನಲ್ಲಾದರೆ ರಾಡಿ ಸಂದುಗಳಲ್ಲಿ ಸೋರಿಹೋಗಿ ಪದರವೇ ಕಟ್ಟುವುದಿಲ್ಲ. ಭಾರದ ಕಲ್ಲುಗಳು ರಾಡಿಯೊಡನೆ ಮೇಲೇಳದೆ, ಕೊರೆದಷ್ಟೂ ಒಳಕ್ಕೆ ಉರುಳುತ್ತವೆ.

ಅಲ್ ಫತಾಹ್‌ನ ನೆಲ ಇಂಥದೇ ಎಂದು ಮೊದಲೇ ನಡೆದಿದ್ದ ಭೂತಾಂತ್ರಿಕ ಅಧ್ಯಯನ ಎಚ್ಚರಿಸಿತ್ತು. ಮಕ್‌ಹೂಲ್ ಮತ್ತು ಹಮ್ರೀನ್ ಬೆಟ್ಟಸಾಲುಗಳನ್ನು ಸೀಳಿ ನದಿ ಹರಿಯುವ ಜಾಗ ಅದು. ಆದರೂ ಕೊರೆದರು. ಕೊಳವೆಯನ್ನು ಆಚೆ ದಡ ಮುಟ್ಟಿಸಲೇಬೇಕೆಂಬ ಷರತ್ತು ಕೊರೆಯಲು ಕೆಬಿಆರ್ ನೇಮಿಸಿದ್ದ ಉಪಗುತ್ತಿಗೆದಾರನಿಗೆ ಇರಲಿಲ್ಲ, ಪ್ರಯತ್ನಿಸಿದರೆ ಸಾಕಿತ್ತು. ಸೋಲಿನ ವೆಚ್ಚ ತಮ್ಮ ಜೇಬಿನಿಂದ ಹೋಗುವಂತಿದ್ದರೆ ಆ ವರದಿಯನ್ನು ಯಾರಾದರೂ ಬದಿಗಿಡುತ್ತಿದ್ದರೇ? 7.57 ಕೋಟಿ ಡಾಲರ್ ಮುಗಿದ ಮೇಲೂ ತೈಲ ನದಿ ದಾಟಲಿಲ್ಲ. ಕಡೆಗೆ ಬೇರೆ ಗುತ್ತಿಗೆದಾರರು ಬೇರೆ ವಿಧಾನದಿಂದ ಅದನ್ನು ದಾಟಿಸಬೇಕಾಯಿತು.

1991ರ ಯುದ್ಧದ ನಂತರ ಇರಾಕಿನ ಎಂಜಿನಿಯರುಗಳು ದಿಗ್ಬಂಧನದ ನಡುವೆಯೂ ತಮ್ಮ ತೈಲ ಸ್ಥಾವರಗಳನ್ನು ತಾವೇ ಎಬ್ಬಿಸಿ ನಿಲ್ಲಿಸಿದ್ದರು. ಈ ಬಾರಿ ನಿರ್ಧಾರಗಳು ಅವರ ಕೈಯಲ್ಲಿರಲಿಲ್ಲ, ಹಣ ಮಾತ್ರ ಅವರ ನಾಡಿನದಾಗಿತ್ತು. ಕೆಬಿಆರ್‌ನ ಸುಮಾರು 240 ಕೋಟಿ ಡಾಲರಿನ ಆ ತೈಲ ಗುತ್ತಿಗೆಯಲ್ಲಿ ಬಹುಪಾಲು ಸಂದಾಯವಾದದ್ದು ಇರಾಕ್ ಅಭಿವೃದ್ಧಿ ನಿಧಿಯಿಂದ; ಆ ನಿಧಿ ತುಂಬಿದ್ದು ಮುಖ್ಯವಾಗಿ ಇರಾಕಿನ ತೈಲ ಮಾರಿದ ದುಡ್ಡಿನಿಂದಲೇ.