ಪೋಷಕತ್ವಕ್ಕೆ ಮಗುವನ್ನು ಕರೆತಂದರೆ ಏನು ನೆರವು ಸಿಗುತ್ತದೆ?

ಓದುಗರ ಪ್ರಶ್ನೆ: ನಾವು ಮೂಡಿಗೆರೆ ಕಡೆಯವರು. ಪೋಷಕತ್ವ ಯೋಜನೆಯಡಿ ಒಂದು ಮಗುವನ್ನು ಕರೆತರಬೇಕೆಂದಿದ್ದೇವೆ. ಸರ್ಕಾರದಿಂದ ಯಾವ ನೆರವು ಸಿಗುತ್ತದೆ? ಎರಡು ವರ್ಷ ಸಾಕಿದ ಮೇಲೆ ಮಗು ನಮ್ಮದೇ ಆಗುತ್ತದಲ್ಲವೇ?

ಪೋಷಕತ್ವ (ಫಾಸ್ಟರ್ ಕೇರ್) ಎಂದರೆ ಹೆತ್ತವರ ಆಸರೆ ಸಿಗದ ಮಗುವನ್ನು ದತ್ತು ಪಡೆಯದೆ ಇನ್ನೊಂದು ಕುಟುಂಬ ತಾತ್ಕಾಲಿಕವಾಗಿ ಸಾಕುವುದು. ಮೊದಲ ಪ್ರಶ್ನೆಗೆ ಉತ್ತರ ಚಿಕ್ಕದು. ಕೇಂದ್ರದ ಮಕ್ಕಳ ರಕ್ಷಣಾ ಯೋಜನೆಯಾದ ಮಿಷನ್ ವಾತ್ಸಲ್ಯದ ಅಡಿಯಲ್ಲಿ, ಜಿಲ್ಲಾ ಸಮಿತಿಯ ಅನುಮೋದನೆ ದೊರೆತರೆ, ಮಗುವೊಂದಕ್ಕೆ ತಿಂಗಳಿಗೆ 4,000 ರೂಪಾಯಿ ನೇರವಾಗಿ ಬ್ಯಾಂಕ್ ಖಾತೆಗೆ ಬರುತ್ತದೆ. ಇದು ಮಗುವಿನ ಊಟ, ಓದು, ಔಷಧಕ್ಕೆಂದು ಕೊಡುವ ಹಣವೇ ಹೊರತು ಸಾಕುವವರಿಗೆ ಸಂಬಳವಲ್ಲ. ಅರ್ಜಿಗೆ ಜಿಲ್ಲಾ ಕೇಂದ್ರದಲ್ಲಿರುವ ಜಿಲ್ಲಾ ಮಕ್ಕಳ ರಕ್ಷಣಾ ಘಟಕಕ್ಕೆ ಹೋಗಬೇಕು. ತುರ್ತು ಸಂದರ್ಭದಲ್ಲಿ ಮಕ್ಕಳ ಸಹಾಯವಾಣಿ 1098 ಇದೆ. ಮಗು ರಾತ್ರಿ ಬೆಚ್ಚಿ ಏಳುತ್ತಿದ್ದರೆ, ಮಾತು ನಿಲ್ಲಿಸಿದ್ದರೆ, ನೀವೇ ಸೋತುಹೋಗಿದ್ದರೆ 14416ಕ್ಕೆ ಕರೆ ಮಾಡಿ. ಅದು ಟೆಲಿ ಮಾನಸ್ ಎಂಬ ಮಾನಸಿಕ ಆರೋಗ್ಯ ಸಹಾಯವಾಣಿ, ಉಚಿತ. ಹಣಕ್ಕಿಂತ ಹೆಚ್ಚಾಗಿ ಒದಗುವುದು ಘಟಕದ ಸಿಬ್ಬಂದಿಯ ಒಡನಾಟ ಎಂಬುದು ನನ್ನ ಅಭಿಪ್ರಾಯ. ಆದರೆ ನಮ್ಮ ಜನ ಅವರನ್ನು ತಪಾಸಣೆಗೆ ಬಂದ ಪೊಲೀಸರಂತೆ ಕಾಣುತ್ತಾರೆ.

ಮನೆ ನೋಡಲು ಬಂದವರಿಗೆ ಕಾಫಿ, ಕೋಡುಬಳೆ ಕೊಟ್ಟು ಹಜಾರದಲ್ಲೇ ಕೂರಿಸಿ ಕಳುಹಿಸುವ ಪ್ರಯತ್ನ ಎಲ್ಲೆಡೆ ನಡೆಯುತ್ತದೆ. ಅವರು ನೋಡಬೇಕಾಗಿರುವುದು ಹಜಾರವನ್ನಲ್ಲ. ಮಗು ಮಲಗುವ ಜಾಗ ಯಾವುದು, ಬಚ್ಚಲಮನೆಯ ಬಾಗಿಲಿಗೆ ಒಳಗಿನಿಂದ ಅಗುಳಿ ಇದೆಯೇ, ಶಾಲೆಗೆ ಹೋಗುವ ದಾರಿಯಲ್ಲಿ ಮಳೆಗಾಲದಲ್ಲಿ ಹಳ್ಳ ದಾಟಬೇಕೇ ಎಂಬುದನ್ನು. ಮಗು ಬಂದ ಮೇಲೂ ಭೇಟಿಗಳು ನಿಲ್ಲುವುದಿಲ್ಲ, ಏಕೆಂದರೆ ಆಸರೆ ಬೇಕಾದ ಮಕ್ಕಳ ಬಗ್ಗೆ ತೀರ್ಮಾನಿಸುವ ಮಕ್ಕಳ ಕಲ್ಯಾಣ ಸಮಿತಿಯು ಪ್ರತಿ ತಿಂಗಳೂ ಪರಿಶೀಲಿಸಬೇಕೆಂದು ಬಾಲನ್ಯಾಯ ಕಾಯ್ದೆಯೇ ಹೇಳುತ್ತದೆ. ಕಾಫಿ ಕೊಯ್ಲಿನ ಸಮಯದಲ್ಲಿ ಶಾಲೆ ಬಿಡಿಸಿ ತೋಟಕ್ಕೆ ಕಳುಹಿಸಿದರೆ ಅದು ಅವರ ಕಣ್ಣಿಗೆ ಬೀಳುತ್ತದೆ, ಬೀಳಲೇಬೇಕು.

ಇನ್ನು ಎರಡನೆಯ ಪ್ರಶ್ನೆ. ಇಲ್ಲ, ಆಗುವುದಿಲ್ಲ. ಎಷ್ಟು ಸಲ ಬರೆದರೂ ಈ ನಂಬಿಕೆ ಲಂಟಾನದ ಹಾಗೆ ಬುಡದಿಂದ ಮತ್ತೆ ಚಿಗುರುತ್ತದೆ. ಇದರ ಮೂಲ ನನಗೆ ಗೊತ್ತು: ಪೋಷಕತ್ವದಲ್ಲಿ ಸಾಕಿದವರು ಅದೇ ಮಗುವನ್ನು ದತ್ತು ಕೇಳಲು 2016ರ ಮಾದರಿ ಮಾರ್ಗಸೂಚಿಯಲ್ಲಿ ಐದು ವರ್ಷ ಕಾಯಬೇಕಿತ್ತು, 2024ರ ಪರಿಷ್ಕೃತ ಮಾರ್ಗಸೂಚಿ ಅದನ್ನು ಎರಡು ವರ್ಷಕ್ಕೆ ಇಳಿಸಿತು. ಕೇಳಲು ಅರ್ಹತೆ ಬರುವುದು ಬೇರೆ, ಮಗು ಸಿಗುವುದು ಬೇರೆ. ಮಗುವನ್ನು ದತ್ತು ಕೊಡಲು ಕಾನೂನಿನ ಅಡ್ಡಿಯಿಲ್ಲವೆಂದು ಮಕ್ಕಳ ಕಲ್ಯಾಣ ಸಮಿತಿ ಘೋಷಿಸಿರಬೇಕು, ಆಮೇಲೆ ದತ್ತು ಪ್ರಕ್ರಿಯೆ ಪ್ರತ್ಯೇಕವಾಗಿ ನಡೆಯಬೇಕು, ಕೊನೆಗೆ ಆದೇಶವನ್ನು ಹೊರಡಿಸುವವರು ಜಿಲ್ಲಾಧಿಕಾರಿ. 2021ರ ತಿದ್ದುಪಡಿಗೆ ಮೊದಲು ಅದು ನ್ಯಾಯಾಲಯದ ಕೆಲಸವಾಗಿತ್ತು. ಹೆತ್ತವರು ಬದುಕಿದ್ದು, ಕಾಯಿಲೆಯಿಂದಲೋ ಜೈಲುವಾಸದಿಂದಲೋ ಸದ್ಯಕ್ಕೆ ಸಾಕಲಾಗದ ಮಗುವಾದರೆ ನೀವು ಹತ್ತು ವರ್ಷ ಸಾಕಿದರೂ ಅದು ಅವರ ಮಗುವೇ. ಅವರು ಬಂದು ನೋಡಬಹುದು. ಸಮಿತಿ ಒಪ್ಪಿದ ದಿನ ಮಗು ಅವರ ಮನೆಗೆ ಹಿಂದಿರುಗುತ್ತದೆ. ಮಗುವಿನ ಹೆಸರಿನ ಮುಂದೆ ನಿಮ್ಮ ಮನೆತನದ ಹೆಸರು ಸೇರುವುದಿಲ್ಲ, ನಿಮ್ಮ ಆಸ್ತಿಯಲ್ಲಿ ಅದಕ್ಕೆ ಪಾಲೂ ಹುಟ್ಟುವುದಿಲ್ಲ. ಇದನ್ನು ಕೇಳಿ "ಹಾಗಾದರೆ ಯಾಕೆ ಸಾಕಬೇಕು?" ಎನ್ನುವವರಿಗೆ ದತ್ತು ಪಟ್ಟಿಯಲ್ಲಿ ಹೆಸರು ಬರೆಸಿ ಕಾಯಿರಿ ಎನ್ನುವುದೇ ಸರಿಯಾದ ಸಲಹೆ, ಪೋಷಕತ್ವವನ್ನು ದತ್ತುವಿಗೆ ಹಿಂಬಾಗಿಲು ಮಾಡಿಕೊಂಡರೆ ಬೇರ್ಪಡುವ ದಿನ ಅಳುವುದು ದೊಡ್ಡವರಷ್ಟೇ ಅಲ್ಲ. ಛಾಪಾ ಕಾಗದದಲ್ಲಿ ಬರೆಸಿ ಮಗುವನ್ನು ಕೈಬದಲಿಸಿಕೊಳ್ಳುವ ಆಲೋಚನೆಯನ್ನಂತೂ ಬಿಟ್ಟುಬಿಡಿ. ಅನಾಥ ಅಥವಾ ತ್ಯಜಿಸಿದ ಮಗುವನ್ನು ಕಾಯ್ದೆಯ ಕ್ರಮ ಮೀರಿ ದತ್ತು ಕೊಡುವುದೂ ಪಡೆಯುವುದೂ ಮೂರು ವರ್ಷದವರೆಗಿನ ಜೈಲಿಗೆ ಗುರಿಯಾಗಬಹುದಾದ ಅಪರಾಧ.

ಪತ್ರದಲ್ಲಿ ಕೇಳದ, ಆದರೆ ಹಾಸನ, ಚಿಕ್ಕಮಗಳೂರಿನ ಹಳ್ಳಿಗಳಲ್ಲಿ ಇದಕ್ಕಿಂತ ಎಷ್ಟೋ ಹೆಚ್ಚು ಮನೆಗಳಿಗೆ ಸಂಬಂಧಿಸಿದ ವಿಷಯವೊಂದಿದೆ. ಅಪ್ಪ ಅಮ್ಮ ಇಬ್ಬರೂ ತೀರಿಹೋದ ಮೊಮ್ಮಕ್ಕಳನ್ನು ವೃದ್ಧಾಪ್ಯ ವೇತನದಲ್ಲಿ ಸಾಕುತ್ತಿರುವ ಅಜ್ಜಿಯರು ಬೇಲೂರಿನಲ್ಲೂ ಇದ್ದಾರೆ, ಅರಕಲಗೂಡಿನಲ್ಲೂ ಇದ್ದಾರೆ, ಮತ್ತು ಅವರಲ್ಲಿ ಅನೇಕರಿಗೆ ತಮಗೂ ಒಂದು ಯೋಜನೆ ಇದೆ ಎಂಬುದೇ ತಿಳಿದಿರುವುದಿಲ್ಲ. ಅದು ಪ್ರಾಯೋಜಕತ್ವ. ಮೊತ್ತ ಅದೇ 4,000 ರೂಪಾಯಿ. ಮಗು ತನ್ನವರ ಜೊತೆಯಲ್ಲೇ ಉಳಿಯುತ್ತದೆ. ವಿಧವೆ ತಾಯಿಯ ಮಕ್ಕಳು, ಪ್ರಾಣಾಂತಕ ಕಾಯಿಲೆಯಲ್ಲಿರುವವರ ಮಕ್ಕಳು, ಬಂಧುಗಳ ಆಶ್ರಯದಲ್ಲಿರುವ ಅನಾಥ ಮಕ್ಕಳು ಇದರ ವ್ಯಾಪ್ತಿಗೆ ಬರುತ್ತಾರೆ. ಕುಟುಂಬದ ವಾರ್ಷಿಕ ಆದಾಯ ಗ್ರಾಮೀಣ ಪ್ರದೇಶದಲ್ಲಿ 72,000, ಇತರೆಡೆ 96,000 ರೂಪಾಯಿ ಮೀರಿರಬಾರದು. ಮಗು ಶಾಲೆಗೆ ಸರಿಯಾಗಿ ಹೋಗದಿದ್ದರೆ ನೆರವು ನಿಲ್ಲಬಹುದು. ಅರ್ಜಿ ಹೋಗುವುದು ಅದೇ ಘಟಕಕ್ಕೆ. ಅಜ್ಜಿಗೆ ಓದು ಬರಹ ಬಾರದಿದ್ದರೆ ಅಂಗನವಾಡಿ ಕಾರ್ಯಕರ್ತೆಯನ್ನೋ ಶಾಲೆಯ ಮುಖ್ಯೋಪಾಧ್ಯಾಯರನ್ನೋ ಜೊತೆಗೆ ಕರೆದುಕೊಂಡು ಹೋಗಲಿ. ಹೊರಡುವ ಮೊದಲು ತೀರಿಹೋದವರ ಮರಣ ಪ್ರಮಾಣಪತ್ರ ಚೀಲದಲ್ಲಿ ಇದೆಯೇ ಎಂದು ನೋಡಿಕೊಳ್ಳಲಿ, ಏಕೆಂದರೆ ಜನ ಮನೆಯಲ್ಲಿ ಬಿಟ್ಟು ಬರುವುದು ಬಹುತೇಕ ಅದನ್ನೇ.